ಪ್ಯಾರಿಷ್ ಎಂಬ ಪದವೂ ಬಾಡಿಗೆ ಕರಾರು ಪತ್ರವೂ

ನಮ್ಮ ಚರ್ಚಿನ ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ‘ಪ್ಯಾರಿಷ್ ಎಂಬ ಪದದ ಅರ್ಥ ಮತ್ತು ಮೂಲ’ ಎಂಬ ವಿಷಯವಾಗಿ ಎರಡು ಪುಟ ಬರೆದುಕೊಡಬೇಕೆಂದು ಸಂಪಾದಕ ಮಂಡಳಿ ನನಗೆ ಅಪ್ಪಣೆ ಮಾಡಿತು. ಸಂಪಾದಕ ಮಂಡಳಿ ಎಂದರೆ ಮೂರು ಜನ. ಅವರಲ್ಲಿ ಇಬ್ಬರು ಓದುವುದಿಲ್ಲ, ಒಬ್ಬರು ಊರಲ್ಲಿರುವುದಿಲ್ಲ. ನಾನು ಸಂತೋಷದಿಂದಲೇ ಒಪ್ಪಿಕೊಂಡೆ. ಪೀಣ್ಯದ ಒಂದು ಕಾರ್ಖಾನೆಯ ತಪಾಸಣೆ ವಿಭಾಗದಲ್ಲಿ ಮೂವತ್ತು ವರ್ಷ ಕೂತು, ಬೇರೆಯವರು ಕೊರೆದ ತೂತಿಗೆ ಗೇಜು ಹಾಕಿ ನೋಡಿ ‘ಸರಿಯಿಲ್ಲ’ ಎಂದು ಬರೆಯುವುದೇ ನನ್ನ ವೃತ್ತಿಯಾಗಿತ್ತು. ನಿವೃತ್ತನಾದ ಮೇಲೆ ಪದಗಳಿಗೆ ಗೇಜು ಹಾಕುವ ಚಟ ಹತ್ತಿತ್ತು. ಬರೆದುಕೊಟ್ಟ ಎರಡು ಪುಟದಲ್ಲಿ ಒಂದು ಪ್ಯಾರಾವನ್ನು ಮಂಡಳಿ ಕಿತ್ತುಹಾಕಿತು. ಆ ಪ್ಯಾರಾದ ಸುತ್ತ ನಡೆದದ್ದನ್ನು ಈಗ ಬರೆಯುತ್ತಿದ್ದೇನೆ. ಕೋಪ ಇಳಿದ ಮೇಲೆ ಬರೆಯೋಣವೆಂದು ಒಂದಷ್ಟು ದಿನ ಕಾದೆ. ಇಳಿಯಲಿಲ್ಲ.

ಕಥೋಲಿಕರಲ್ಲದ ಓದುಗರಿಗೆ ಮೊದಲು ಸ್ವಲ್ಪ ಭೂಗೋಳ. ಸರ್ಕಾರಕ್ಕೆ ಜಿಲ್ಲೆ, ತಾಲ್ಲೂಕು, ಹೋಬಳಿ ಇರುವಂತೆ ನಮ್ಮ ಧರ್ಮಸಭೆಗೂ ಇದೆ. ಬಿಷಪ್ಪರ ಆಡಳಿತಕ್ಕೆ ಸೇರಿದ್ದು ಧರ್ಮಪ್ರಾಂತ್ಯ. ಅದನ್ನು ಹೋಳು ಮಾಡಿದರೆ ಒಂದೊಂದು ಹೋಳೂ ಒಂದು ಪ್ಯಾರಿಷ್. ಒಂದು ಚರ್ಚು, ಒಬ್ಬರು ಪಾದ್ರಿ, ಇಷ್ಟು ಬೀದಿ. ಆ ಬೀದಿಯವರ ಜ್ಞಾನಸ್ನಾನ, ಮದುವೆ, ಮಣ್ಣು ಎಲ್ಲಕ್ಕೂ ಅದೇ ಪಾದ್ರಿಗಳ ಸಹಿ. ಸುತ್ತೋಲೆಗಳಲ್ಲಿ ಇದಕ್ಕೆ ‘ಧರ್ಮಕೇಂದ್ರ’ ಎನ್ನುತ್ತಾರೆ. ಬಾಯಲ್ಲಿ ಎಲ್ಲರೂ ಪ್ಯಾರಿಷ್ ಎನ್ನುತ್ತಾರೆ. ನಮ್ಮಜ್ಜಿ ‘ವಿಚಾರಣೆ’ ಎನ್ನುತ್ತಿದ್ದರು. ‘ವಿಚಾರಣೆ ಗುರುಗಳು’ ಎಂದರೆ ಊರೂರು ತಿರುಗಿ, ಯಾರಿಗೆ ಮೈ ಸರಿಯಿಲ್ಲ, ಯಾರ ಹಸು ಈದಿದೆ ಎಂದು ವಿಚಾರಿಸಿಕೊಳ್ಳುವವರು ಎಂದು ಅವರ ವಿವರಣೆ. ಈಗ ನಮ್ಮಲ್ಲಿ ಯಾರೂ ಆ ಪದ ಬಳಸುವುದಿಲ್ಲ. ಬಳಸದಿರುವುದೇ ಪ್ರಾಮಾಣಿಕತೆ ಎಂದು ನನ್ನ ನಮ್ರ ಅಭಿಪ್ರಾಯ.

ನಮ್ಮ ಚರ್ಚಿರುವುದು ದಾಸರಹಳ್ಳಿಗೂ ನಾಗಸಂದ್ರಕ್ಕೂ ನಡುವೆ, ತುಮಕೂರು ರಸ್ತೆಯಿಂದ ಒಳಗೆ. ಅಲ್ಲಿಯ ಕಚೇರಿಯಲ್ಲಿ ಭಾನುವಾರ ಬೆಳಿಗ್ಗೆ, ವಾರದ ನಡುವೆ ಎರಡು ಸಂಜೆ, ನಾನು ಸಂಬಳವಿಲ್ಲದ ಗುಮಾಸ್ತನಾಗಿ ಕೂರುತ್ತಿದ್ದೆ. ಕುಟುಂಬಗಳ ದಾಖಲೆ ಪುಸ್ತಕ ನನ್ನ ಸುಪರ್ದಿನಲ್ಲಿತ್ತು. ಒಂದು ಕುಟುಂಬಕ್ಕೆ ಒಂದು ಪುಟ. ಪುಟವಿರುವವರಿಗೆ ಒಂದು ಕಾರ್ಡು. ಕಾರ್ಡಿರುವವರ ಮಕ್ಕಳಿಗೆ ಚರ್ಚಿನ ಶಾಲೆಯಲ್ಲಿ ಸೀಟು ಸುಲಭ. ಹಾಗಾಗಿ ಶಾಲೆ ತೆರೆಯುವ ಕಾಲ ಬಂದರೆ ಸಾಕು, ಎಲ್ಲೆಲ್ಲಿಂದಲೋ ಭಕ್ತಿ ಉಕ್ಕಿ ಹರಿದು ಬರುತ್ತಿತ್ತು. ಇದನ್ನು ತಡೆಯಬೇಕೆಂದು ಪಾಲನಾ ಸಮಿತಿ, ಎಂದರೆ ಪಾದ್ರಿಗಳಿಗೆ ಸಲಹೆ ಕೊಡಬೇಕಾದ, ಆದರೆ ಸಾಮಾನ್ಯವಾಗಿ ಆಜ್ಞೆ ಕೊಡುವ ಹನ್ನೆರಡು ಜನರ ಕಮಿಟಿ, ಹೊಸ ಅರ್ಜಿ ನಮೂನೆ ತಯಾರಿಸಲು ನಿರ್ಧರಿಸಿತು. ಭಾಷೆ ಚೆನ್ನಾಗಿದೆಯೆಂದು ನನ್ನ ಕೈಗೇ ಕೊಟ್ಟರು.

ನಾನು ಬರೆದೆ. ಏಳನೆಯ ಕಲಮು ಹೀಗಿತ್ತು: ‘ಅರ್ಜಿದಾರರು ಸದರಿ ಧರ್ಮಕೇಂದ್ರದ ಎಲ್ಲೆಯೊಳಗೆ ಖಾಯಂ ವಾಸವಿರುವ ಬಗ್ಗೆ ಸ್ವಂತ ಮನೆಯ ದಾಖಲೆ ಅಥವಾ ಬಾಡಿಗೆ ಕರಾರು ಪತ್ರವನ್ನು ಲಗತ್ತಿಸತಕ್ಕದ್ದು.’ ಆ ‘ತಕ್ಕದ್ದು’ ಬರೆದಾಗ ನನಗಾದ ಆನಂದ ಇವತ್ತಿಗೂ ನೆನಪಿದೆ. ಮನೆಗೆ ಬಂದು ಹೆಂಡತಿಗೆ ಓದಿ ತೋರಿಸಿದೆ. ಅವಳು, ‘ಕೋರ್ಟ್ ಸಮನ್ಸ್ ಇದ್ದ ಹಾಗಿದೆ’ ಎಂದಳು. ನಾನದನ್ನು ಹೊಗಳಿಕೆ ಎಂದು ತೆಗೆದುಕೊಂಡೆ.

ಎರಡು ವರ್ಷ ಏಳನೆಯ ಕಲಮು ತನ್ನ ಕೆಲಸವನ್ನು ಸದ್ದಿಲ್ಲದೆ ಮಾಡಿತು. ಆಮೇಲೆ ಒಂದು ಭಾನುವಾರ, ಕ್ರಿಸ್ಮಸ್ಸಿನ ನಕ್ಷತ್ರಗಳನ್ನು ಇನ್ನೂ ಇಳಿಸುತ್ತಿದ್ದ ವಾರದಲ್ಲಿ, ಎರಡನೆಯ ಪೂಜೆ ಮುಗಿದ ಮೇಲೆ ಒಬ್ಬ ಹೆಂಗಸು ಕಚೇರಿ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಬಂದರು. ರಾಯಚೂರು ಕಡೆಯವರು. ಗಂಡ ಸೆಂಟ್ರಿಂಗ್ ಕೆಲಸದವನು, ಕಟ್ಟಡ ಎಲ್ಲಿ ಏಳುತ್ತದೋ ಅಲ್ಲಿರುತ್ತಾನೆ. ಈಕೆ ಪೀಣ್ಯದ ಒಂದು ಫ್ಯಾಕ್ಟರಿಯಲ್ಲಿ ಹೌಸ್‌ಕೀಪಿಂಗ್.

“ಸಾರ್, ಮಗಳ ಮದುವಿ ಗೊತ್ತಾಗೇದ್ರಿ. ಹುಡುಗನ ಚರ್ಚಿನಾಗ ಒಂದು ಪತ್ರ ಕೇಳ್ಯಾರ.”

“ಏನು ಪತ್ರ?”

“ಈಕಿಗೆ ಮೊದ್ಲ ಬ್ಯಾರೆ ಮದುವಿ ಆಗಿಲ್ಲ ಅಂತ ನಮ್ ಚರ್ಚಿನ ಫಾದರ್ ಬರ್ದು ಕೊಡಬೇಕಂತ್ರಿ.”

“ಕಾರ್ಡ್ ನಂಬರ್ ಹೇಳಿ.”

“ಕಾರ್ಡ್ ಇಲ್ರಿ.”

“ಎಷ್ಟು ವರ್ಷದಿಂದ ಇದ್ದೀರಿ ಇಲ್ಲಿ?”

“ಎಂಟ ವರ್ಷ ಆತ್ರಿ.”

ಇಲ್ಲಿ ಒಂದು ವಿಷಯ ಒಪ್ಪಿಕೊಳ್ಳಬೇಕು. ನಾನು ಈಕೆಯನ್ನು ಕಂಡಿದ್ದೆ. ಪ್ರತಿ ಭಾನುವಾರ ಹಿಂದುಗಡೆ, ಎಡಗಡೆಯ ಕಂಬದ ಹತ್ತಿರ, ಬೆಂಚಿನಲ್ಲಿ ಜಾಗವಿದ್ದಾಗಲೂ ನಿಂತೇ ಇರುವವರ ಗುಂಪಿನಲ್ಲಿ. ಮುಖ ಗೊತ್ತಿತ್ತು. ಪುಟ ಇರಲಿಲ್ಲ. ನನ್ನ ಬುದ್ಧಿಗೆ ಪುಟ ಇಲ್ಲದ್ದೇ ದೊಡ್ಡದಾಗಿ ಕಂಡಿತು. ಗಂಟಲು ಸರಿಮಾಡಿಕೊಂಡು, ‘ನೀವು ನಿಮ್ಮ ಊರಿನ ಪ್ಯಾರಿಷ್‌ನಿಂದ ಪತ್ರ ತರಬೇಕಾಗುತ್ತದೆ’ ಎಂದು ತೀರ್ಪು ಕೊಟ್ಟೆ. ಆಕೆ ಎರಡು ದಿನ ರಜೆ ಹಾಕಿ, ಬಸ್ಸು ಹತ್ತಿ ಊರಿಗೆ ಹೋಗಿ, ಮುಂದಿನ ಭಾನುವಾರ ಪತ್ರದೊಂದಿಗೆ ಹಾಜರಾದರು.

ಆ ಊರಿನ ಪಾದ್ರಿಗಳು ನನಗಿಂತ ವಿವೇಕಿಗಳು. ಹುಡುಗಿಯ ಜ್ಞಾನಸ್ನಾನದ ಪ್ರಮಾಣಪತ್ರ ಕೊಟ್ಟು, ಜೊತೆಗೆ ನಾಲ್ಕು ಸಾಲು ಬರೆದಿದ್ದರು: ‘ಈ ಕುಟುಂಬ ಎಂಟು ವರ್ಷದ ಹಿಂದೆ ಊರು ಬಿಟ್ಟಿದೆ. ಆಗ ಹುಡುಗಿಗೆ ಹದಿನಾಲ್ಕು. ಅಲ್ಲಿಯವರೆಗಿನ ಮಾತನ್ನು ನಾನು ಹೇಳಬಲ್ಲೆ. ಆಮೇಲಿನದ್ದನ್ನು ಅವರು ಈಗ ಇರುವ ಧರ್ಮಕೇಂದ್ರವೇ ಹೇಳಬೇಕು.’

ಸರಿಯಾಗಿಯೇ ಇತ್ತು. ಹುಡುಗಿಯ ಬಾಲ್ಯಕ್ಕೆ ಒಂದು ಚರ್ಚಿತ್ತು, ಮದುವೆಯಾದ ಮೇಲಿನ ಬದುಕಿಗೆ ಇನ್ನೊಂದು ಚರ್ಚು ಕಾಯುತ್ತಿತ್ತು. ನಡುವಿನ ಎಂಟು ವರ್ಷ ಯಾರ ಪುಸ್ತಕದಲ್ಲೂ ಇರಲಿಲ್ಲ.

ಹುಡುಗನ ಕಡೆಯವರು ಬ್ರೂಕ್‌ಫೀಲ್ಡ್ ಹತ್ತಿರದವರು. ಹುಡುಗ ಅಲ್ಲಿಯ ಒಂದು ಅಪಾರ್ಟ್‌ಮೆಂಟಿನಲ್ಲಿ ಎಲೆಕ್ಟ್ರಿಷಿಯನ್. ವಿಭೂತಿ ಬುಧವಾರಕ್ಕೆ ಮುಂಚಿನ ಸೋಮವಾರ ಮದುವೆ ಎಂದು ಗೊತ್ತಾಗಿತ್ತು. ಬುಧವಾರದಿಂದ ತಪಸ್ಸುಕಾಲ. ಆ ನಲವತ್ತು ದಿನ ನಮ್ಮಲ್ಲಿ ಮದುವೆ ಮಾಡುವುದಿಲ್ಲ. ಅದಕ್ಕೂ ಮೊದಲು ಮೂರು ಭಾನುವಾರ ಚರ್ಚಿನಲ್ಲಿ ಹುಡುಗ ಹುಡುಗಿಯ ಹೆಸರು ಓದಿ, ‘ಯಾರಿಗಾದರೂ ಆಕ್ಷೇಪವಿದ್ದರೆ ತಿಳಿಸಿ’ ಎಂದು ಸಾರಬೇಕು. ನಮ್ಮ ಪತ್ರ ತಲುಪದೆ ಅಲ್ಲಿಯ ಪಾದ್ರಿಗಳು ಓದುವುದಿಲ್ಲ. ನಾನೋ, ಕಾರ್ಡಿಲ್ಲದೆ ಪತ್ರವಿಲ್ಲ, ಕರಾರು ಪತ್ರವಿಲ್ಲದೆ ಕಾರ್ಡಿಲ್ಲ ಎಂದು ಕೂತಿದ್ದೆ.

ವಾರ ಕಳೆದಂತೆ ಪತ್ರದ ಸುತ್ತ ಬೇರೆಯದೇ ಒಂದು ಬೆಳೆ ಬೆಳೆಯತೊಡಗಿತು. ಹುಡುಗನ ಸೋದರತ್ತೆ ಫೋನು ಮಾಡಿದ್ದಳಂತೆ. ಒಂದು ಪತ್ರಕ್ಕೆ ಇಷ್ಟು ದಿನ ಯಾಕೆ ಬೇಕು, ಅವರ ಚರ್ಚಿನವರು ಕೊಡಲು ಹಿಂದೆಮುಂದೆ ನೋಡುತ್ತಿದ್ದಾರೆ ಅಂದರೆ ಹುಡುಗಿ ಕಡೆ ಏನೋ ಇರಬೇಕು, ಮೊದಲೇ ವಿಚಾರಿಸುವುದು ಒಳ್ಳೆಯದು ಎಂದು. ಇದನ್ನು ನನಗೆ ಹೇಳಿದವಳು ಹುಡುಗಿಯೇ. ಬುಧವಾರ ಸಂಜೆ ಗಾರ್ಮೆಂಟ್ಸಿನಿಂದ ನೇರವಾಗಿ ಬಂದಿದ್ದಳು, ಕೊರಳಲ್ಲಿ ಕಂಪನಿಯ ಗುರುತಿನ ಚೀಟಿ ಇನ್ನೂ ನೇತಾಡುತ್ತಿತ್ತು. ಅಮ್ಮನ ಹಾಗೆ ಬಾಗಿಲಲ್ಲಿ ಚಪ್ಪಲಿ ಬಿಡಲಿಲ್ಲ.

“ಸಾರ್, ನಾನು ಯಾರ್ನೂ ಮದ್ವೆ ಆಗಿಲ್ಲ. ಅದನ್ನ ಪ್ರೂವ್ ಮಾಡೋಕೆ ಎಲ್ಲಿಗೆ ಹೋಗ್ಬೇಕು ಹೇಳಿ, ಹೋಗ್ತೀನಿ.”

“ಬಾಡಿಗೆ ಕರಾರು ಪತ್ರ ಒಂದು ತಂದರೆ…”

“ಓನರ್ ಕೊಡಲ್ಲ ಸಾರ್. ಕೇಳಿದ್ವಿ. ‘ರೂಮಿಗೆಲ್ಲ ಯಾರಮ್ಮ ಅಗ್ರಿಮೆಂಟ್ ಮಾಡ್ತಾರೆ, ಇಷ್ಟ ಇದ್ರೆ ಇರಿ’ ಅಂದ್ರು.”

“ಯಾರು ನಿಮ್ಮ ಓನರ್?”

ಅವಳು ಹೇಳಿದಳು. ನಾನು ಪೆನ್ನು ಕೆಳಗಿಟ್ಟೆ. ಅವಳ ಓನರ್ ಎಂದರೆ ನಮ್ಮ ಪಾಲನಾ ಸಮಿತಿಯ ಉಪಾಧ್ಯಕ್ಷರು. ಏಳನೆಯ ಕಲಮಿಗೆ ಅನುಮೋದನೆ ಸೂಚಿಸಿದ ಮಹನೀಯರು. ಮೂರು ಅಂತಸ್ತಿನ ಕಟ್ಟಡ, ಮೇಲಿನ ಎರಡು ಅಂತಸ್ತಿನಲ್ಲಿ ಒಂದೊಂದು ಕೋಣೆಯ ಸಂಸಾರಗಳು, ಕೆಳಗೆ ಅವರ ಸ್ವಂತ ವಾಸ. ಎಂದರೆ ಆ ಮನುಷ್ಯರು ವಾರದ ಆರು ದಿನ ಯಾರಿಗೂ ಕೊಡದ ಕಾಗದವನ್ನು ಏಳನೆಯ ದಿನ ಚರ್ಚಿಗೆ ಬಂದು ಎಲ್ಲರಿಂದ ಕೇಳುತ್ತಿದ್ದರು. ಅದಕ್ಕೆ ಬೇಕಾದ ಭಾಷೆಯನ್ನು ಒದಗಿಸಿದವನು ನಾನು.

ಸ್ಮರಣ ಸಂಚಿಕೆಯ ಲೇಖನ ಬಾಕಿ ಇತ್ತಲ್ಲ. ಅದೇ ವಾರ, ಹಿಂದೆ ಪಾದ್ರಿಗಳಾಗುವವರು ಓದುವ ಗುರುಮಠದಲ್ಲಿ ಪಾಠ ಹೇಳುತ್ತಿದ್ದ, ಈಗ ವೃದ್ಧ ಪಾದ್ರಿಗಳ ನಿವಾಸದಲ್ಲಿರುವ ಒಬ್ಬ ಹಿರಿಯರ ಬಳಿ ಹೋದೆ. ಅವರ ಹತ್ತಿರ ಇಟ್ಟಿಗೆಯಷ್ಟು ದಪ್ಪದ ಪದಕೋಶಗಳಿವೆ. ಒಂದನ್ನು ತೊಡೆಯ ಮೇಲಿಟ್ಟುಕೊಂಡು ಬೆರಳು ಓಡಿಸಿ ಓದಿ ಹೇಳಿದರು. ನಾನು ಬರೆದುಕೊಂಡೆ.

ಪ್ಯಾರಿಷ್ ಇಂಗ್ಲಿಷಿಗೆ ಬಂದದ್ದು ಫ್ರೆಂಚಿನಿಂದ. ಅಲ್ಲಿಗೆ ಲ್ಯಾಟಿನ್ನಿನಿಂದ. ಲ್ಯಾಟಿನ್ನಿಗೆ ಗ್ರೀಕಿನಿಂದ. ಗ್ರೀಕಿನಲ್ಲಿ ‘ಪರೋಯ್ಕಿಯಾ’. ‘ಪರಾ’ ಎಂದರೆ ಪಕ್ಕ, ‘ಓಯ್ಕೋಸ್’ ಎಂದರೆ ಮನೆ. ‘ಪರೋಯ್ಕೋಸ್’ ಎಂದರೆ ಮನೆಯ ಪಕ್ಕದಲ್ಲಿ ಇರುವವನು. ಮನೆಯವನಲ್ಲ, ಪಕ್ಕದಲ್ಲಿರುವವನು. ಬೇರೆ ಊರಿನಿಂದ ಬಂದು, ಊರಿನವರ ಹಕ್ಕುಗಳೇನೂ ಇಲ್ಲದೆ, ಇರಗೊಟ್ಟಷ್ಟು ದಿನ ಇರುವವನು. ಅಂಥವರ ವಾಸವೇ ಪರೋಯ್ಕಿಯಾ. ಮೊದಲ ಕ್ರೈಸ್ತರು ತಮ್ಮನ್ನು ತಾವೇ ಹಾಗೆ ಕರೆದುಕೊಂಡರು. ಈ ಲೋಕ ನಮ್ಮ ಸ್ವಂತ ಮನೆಯಲ್ಲ, ನಾವಿಲ್ಲಿ ಬಿಡಾರ ಹೂಡಿದವರು ಎಂಬ ಅರ್ಥದಲ್ಲಿ. ಅಂಥ ಬಿಡಾರದವರ ಗುಂಪಿಗೆ ಆ ಹೆಸರು ನಿಂತಿತು. ಆಮೇಲೆ ಪದ ಪ್ರಯಾಣ ಹೊರಟಿತು. ಒಂದೊಂದು ದೇಶ ದಾಟುವಾಗಲೂ ಏನಾದರೊಂದು ಆಸ್ತಿ ಸಂಪಾದಿಸಿತು. ಒಂದೆಡೆ ಗಡಿ, ಇನ್ನೊಂದೆಡೆ ಕಾಂಪೌಂಡು, ಮತ್ತೊಂದೆಡೆ ಗೇಟು. ತುಮಕೂರು ರಸ್ತೆಗೆ ಬಂದು ತಲುಪುವಾಗ ಅದರ ಹತ್ತಿರ ಒಂದು ಕಮಿಟಿಯೂ ಏಳನೆಯ ಕಲಮೂ ಇದ್ದವು.

“ಬಾಡಿಗೆದಾರರು ಅಂತ ತಾನೇ ಅರ್ಥ ಫಾದರ್?” ಎಂದೆ.

“ಬಾಡಿಗೆದಾರನಿಗಾದರೂ ಒಂದು ಹಕ್ಕಿರುತ್ತೆ ಕಣಯ್ಯ. ಇದು ಅದಕ್ಕೂ ಕೆಳಗೆ.”

ಕಾರ್ಡಿನ ವಿಷಯ ಹೇಳಿದೆ. ಅವರು ಕನ್ನಡಕ ತೆಗೆದು ನನ್ನನ್ನು ನೋಡಿದ ರೀತಿ, ತಪಾಸಣೆ ವಿಭಾಗದಲ್ಲಿ ನಾನು ಅಳತೆ ತಪ್ಪಿದ ಬಿಡಿಭಾಗಗಳನ್ನು ನೋಡುತ್ತಿದ್ದ ರೀತಿಯಂತೆಯೇ ಇತ್ತು.

“ಅದ್ಯಾವ ಕಾನೂನಿನಲ್ಲಿದೆಯಯ್ಯ ಕಾರ್ಡು? ಮದುವೆಗೆ ಒಂದು ತಿಂಗಳು ಅಲ್ಲಿ ವಾಸ ಇದ್ದರೆ ಸಾಕು. ಎಲ್ಲೂ ನೆಲೆಯೇ ಇಲ್ಲದವನಿಗೆ ಅವನು ನಿಂತ ಜಾಗದ ಪಾದ್ರಿಯೇ ಪಾದ್ರಿ. ಧರ್ಮಸಭೆಯ ಕಾನೂನಿದು, ನಾನು ಹೇಳ್ತಿರೋದಲ್ಲ. ಹುಡುಗಿಯನ್ನ ಬಲ್ಲ ಇಬ್ಬರನ್ನ ಕೂರಿಸಿ ಸಾಕ್ಷಿ ಬರೆಸಿಕೊಂಡರೆ ಮುಗೀತು. ಎಂಟು ವರ್ಷ ಆಯ್ತು ಅಂತೀಯ, ನೀವೇನು ಮಾಡ್ತಿದ್ರಿ ಅಲ್ಲಿ?”

ನಮೂನೆ ತಯಾರಿಸುತ್ತಿದ್ದೆವು ಎಂದು ಹೇಳಲಿಲ್ಲ.

ಆ ಭಾನುವಾರ ಸಮಿತಿಯ ಸಭೆ. ಚರ್ಚಿನ ಪಕ್ಕದ ಸಭಾಂಗಣದಲ್ಲಿ, ಉಪ್ಪಿಟ್ಟು ಕಾಫಿ ಆದ ಮೇಲೆ. ಮಹೋತ್ಸವದ ಸ್ವಾಗತ ಕಮಾನಿಗೆ ಯಾವ ಬಣ್ಣ ಎಂಬುದರ ಮೇಲೆ ಮುಕ್ಕಾಲು ಗಂಟೆ ಗಹನವಾದ ಚರ್ಚೆ ನಡೆಯಿತು. ನೀಲಿಗೆ ಏಳು ಜನ, ಬಿಳಿಗೆ ಐದು. ಆಮೇಲೆ ನಾನು ಎದ್ದು ನಿಂತೆ. ಎಂಟು ವರ್ಷ, ಊರಿನ ಪತ್ರ, ಮದುವೆ ದಿನ, ಕಾನೂನು, ಕೊನೆಗೆ ಗ್ರೀಕ್ ಪದ, ಎಲ್ಲವನ್ನೂ ಹೇಳಿದೆ.

ಉಪಾಧ್ಯಕ್ಷರು ತಾಳ್ಮೆಯಿಂದ ಕೇಳಿದರು. ಅವರದು ಒಳ್ಳೆಯ ತಾಳ್ಮೆ.

“ಸಾರ್, ನೀವು ಹೇಳೋದು ಕೇಳೋಕೆ ಚೆನ್ನಾಗಿದೆ. ಇವತ್ತು ಒಬ್ಬರಿಗೆ ಬಿಟ್ರೆ ನಾಳೆ ಇಡೀ ಉತ್ತರ ಕರ್ನಾಟಕ ಬಂದು ಕೂತ್ಕೊಳತ್ತೆ.”

“ಬಂದು ನಿಂತಿದ್ದಾರೆ ಆಗಲೇ. ಹಿಂದೆ ತಿರುಗಿ ನೋಡಿದ್ರೆ ಕಾಣ್ತಾರೆ.”

“ಅಗ್ರಿಮೆಂಟ್ ತರ್ಲಿ ಸಾರ್. ನಾನೇ ಮೊದ್ಲು ಬೆಂಬಲ ಕೊಡ್ತೀನಿ.”

“ಅಗ್ರಿಮೆಂಟ್ ಕೊಡಬೇಕಾದವರು ನೀವೇ ಅಲ್ವಾ? ನಿಮ್ಮ ಎರಡನೇ ಮಹಡೀಲಿ ಇರೋರು ಅವರು.”

ಉಪಾಧ್ಯಕ್ಷರು ಕಾಫಿ ಲೋಟ ಕೆಳಗಿಟ್ಟರು.

“ನೋಡಿ, ಅದು ಬೇರೆ, ಇದು ಬೇರೆ. ನಮ್ಮ ಮನೆ ವಿಷಯ ಚರ್ಚಿಗೆ ತರಬೇಡಿ.”

“ಮನೆ ಪತ್ರ ಚರ್ಚಿಗೆ ತನ್ನಿ ಅಂತ ಬರೆಸಿದ್ದು ನೀವು.”

“ಬರೆದಿದ್ದು ನೀವಲ್ವಾ ಸಾರ್?” ಎಂದರು. ಅವರು ಇನ್ನೂ ಮೆತ್ತಗೆ, “ಗ್ರೀಕಲ್ಲಿ ಏನಾದ್ರೂ ಇರ್ಲಿ ಬಿಡಿ, ನಮ್ದು ದಾಸರಹಳ್ಳಿ” ಎಂದರು. ಎಲ್ಲರೂ ನಕ್ಕರು. ಪಾದ್ರಿಗಳೂ ನಕ್ಕರು. ನಗಬಾರದಿತ್ತು ಎಂದು ಅರ್ಧಕ್ಕೆ ನಿಲ್ಲಿಸಿ, “ನೋಡೋಣ” ಎಂದರು. ನಮ್ಮ ಪಾದ್ರಿಗಳು ಒಳ್ಳೆಯವರು, ಅಂಜುಬುರುಕರು. ಅವರು ನೋಡೋಣ ಎಂದರೆ ಆ ದಿಕ್ಕಿಗೆ ಇನ್ನು ನೋಡುವುದಿಲ್ಲ ಎಂದು ಅರ್ಥ. ವಿಷಯವನ್ನು ಉಪಸಮಿತಿಗೆ ಒಪ್ಪಿಸಲಾಯಿತು. ಉಪಸಮಿತಿ ಈಸ್ಟರ್ ಮುಗಿದ ಮೇಲೆ ಸೇರತಕ್ಕದ್ದು ಎಂದು ತೀರ್ಮಾನವಾಯಿತು. ಮದುವೆ ಈಸ್ಟರಿಗಿಂತ ಸುಮಾರು ಏಳು ವಾರ ಮೊದಲು.

ನಾನು ಮನೆಗೆ ನಡೆದುಕೊಂಡೇ ಹೋದೆ. ದಾರಿಯುದ್ದಕ್ಕೂ ಸಭೆಯಲ್ಲಿ ಹೇಳಬೇಕಾಗಿದ್ದ ಮಾತುಗಳನ್ನು ಗಟ್ಟಿಯಾಗಿ ಹೇಳಿಕೊಂಡು ಹೋದೆ. ಒಬ್ಬ ಆಟೋದವನು ನಿಧಾನ ಮಾಡಿ, “ಅಣ್ಣ, ಎಲ್ಲಿಗೆ?” ಎಂದ. ಅವನಿಗೂ ಬೈದೆ.

ಶುಕ್ರವಾರ ಸಂಜೆ ತಾಯಿ ಬಂದರು. ಆ ಭಾನುವಾರವೇ ಅಲ್ಲಿ ಮೊದಲ ಸಲ ಹೆಸರು ಓದಬೇಕಿತ್ತು. ತಪ್ಪಿದರೆ ಮೂರು ಭಾನುವಾರದ ಲೆಕ್ಕ ಕೂಡುವುದಿಲ್ಲ. ಫ್ಯಾಕ್ಟರಿಯ ಸಮವಸ್ತ್ರದಲ್ಲೇ ಇದ್ದರು. ನನ್ನ ಮೇಜನ್ನು ದಾಟಿ, ಕೇಳದೆಯೇ ಒಳಕೋಣೆಗೆ ಹೋಗಿ ಪಾದ್ರಿಗಳ ಎದುರು ನಿಂತರು. ನಾನು ಹಿಂದೆಯೇ ಹೋದೆ.

“ಫಾದರ್, ಒಂದ್ ಮಾತ್ ಕೇಳ್ತೀನ್ರಿ. ಸಿಟ್ಟಾಗಬ್ಯಾಡ್ರಿ. ಎಂಟ ವರ್ಷ ನಿಮ್ ಕೈಲೆ ಪರಮಪ್ರಸಾದ ತಗೊಂಡೀನಿ.”

ಪೂಜೆಯಲ್ಲಿ ಪಾದ್ರಿಗಳು ಕೊಡುವ ಆ ರೊಟ್ಟಿಯ ಚೂರು ಕ್ರಿಸ್ತರ ದೇಹವೇ ಎಂದು ನಮ್ಮ ನಂಬಿಕೆ. ಪಾದ್ರಿಗಳು ಇರುಸುಮುರುಸಿನಿಂದ, “ನಾನು ಇಲ್ಲಿಗೆ ಬಂದು ಎರಡೇ ವರ್ಷ ಆಗಿದ್ದು ಅಮ್ಮ” ಎಂದರು.

“ಹೌದ್ರಿ, ನಿಮ್ದ ಎರಡ ವರ್ಷ, ಹಿಂದಿನ ಫಾದರ್‌ದು ಆರ ವರ್ಷ. ಇಬ್ರ ಮುಂದೂ ನಾಲಗಿ ಚಾಚೀನಿ. ಆವಾಗ ಒಬ್ರೂ ಕಾರ್ಡ್ ಕೇಳಲಿಲ್ರಿ. ದೇವರನ್ನ ಕೊಡೂದಕ್ಕ ಬೇಕಾಗಿಲ್ಲ, ಒಂದ್ ಹಾಳಿ ಕೊಡೂದಕ್ಕ ಬೇಕಾತೇನ್ರಿ?”

ಎಂಟು ವರ್ಷದಿಂದ ಇದ್ದವರು ನಿಂತಿದ್ದರು. ಎರಡು ವರ್ಷದ ಹಿಂದೆ ವರ್ಗವಾಗಿ ಬಂದು, ಇನ್ನು ಮೂರು ವರ್ಷಕ್ಕೆ ವರ್ಗವಾಗಿ ಹೋಗುವವರು ಕುರ್ಚಿಯಲ್ಲಿದ್ದರು. ಅವರಿಗೂ ಅದು ಹೊಳೆದಿರಬೇಕು. ಎದ್ದು ನಿಂತರು.

“ಕಮಿಟಿಯವರು ಏನಂತಾರೋ…”

“ಫಾದರ್, ಸಹಿ ನಿಮ್ಮದು. ಕಮಿಟಿಗೆ ಸಹಿ ಇಲ್ಲ” ಎಂದೆ. ಹಿರಿಯ ಪಾದ್ರಿಗಳು ಹೇಳಿದ್ದ ಇಬ್ಬರು ಸಾಕ್ಷಿಗಳ ಮಾತನ್ನೂ ನೆನಪಿಸಿದೆ. ಅವರಿಗೆ ದಾರಿ ಕಂಡಂತಾಯಿತು. ಆದರೆ ಅಂಜಿಕೆ ಪೂರ್ತಿ ಬಿಟ್ಟಿರಲಿಲ್ಲ. ಸಾಕ್ಷಿಗಳಿಬ್ಬರೂ ನಮ್ಮ ಪುಸ್ತಕದಲ್ಲಿ ಇರುವವರೇ ಆಗಲಿ, ನಾಳೆ ಯಾರೂ ಮಾತಾಡುವಂತಿರಬಾರದು ಎಂದರು. ಡ್ರಾಯರಿನಿಂದ ಹಾಳೆ ತೆಗೆದು ನನ್ನ ಕಡೆಗೆ ತಳ್ಳಿದರು.

“ನೀವೇ ಒಬ್ಬರು ಹಾಕಿ. ಎಂಟು ವರ್ಷದಿಂದ ಈ ಹುಡುಗಿಯನ್ನ ಬಲ್ಲಿರಾ? ಪ್ರಮಾಣ ಮಾಡಿ ಹೇಳಬೇಕು.”

ಪೆನ್ನು ಕೈಗೆ ತೆಗೆದುಕೊಂಡೆ. ಹಾಳೆಯಲ್ಲಿ ಮೊದಲ ಪ್ರಶ್ನೆ: ಸದರಿಯವರನ್ನು ನೀವು ಹೇಗೆ, ಎಷ್ಟು ಕಾಲದಿಂದ ಬಲ್ಲಿರಿ? ಮೂವತ್ತು ವರ್ಷ ಅಳತೆ ನೋಡಿದವನಿಗೆ ಸುಳ್ಳು ಅಳತೆ ಬರೆಯಲು ಕೈ ಬರುವುದಿಲ್ಲ. ಹುಡುಗಿಯ ಹೆಸರನ್ನು ನಾನು ತಿಳಿದದ್ದು ಎರಡು ವಾರದ ಹಿಂದೆ, ಅದೂ ಜ್ಞಾನಸ್ನಾನದ ಪತ್ರದಿಂದ. ಎಂಟು ವರ್ಷ ಭಾನುವಾರಕ್ಕೊಮ್ಮೆ ಎದುರಿಗಿದ್ದ ಮನುಷ್ಯರ ಬಗ್ಗೆ ಪ್ರಮಾಣ ಮಾಡಿ ಹೇಳಲು ನನಗೊಂದು ಸಾಲೂ ತಿಳಿದಿರಲಿಲ್ಲ. ಪೆನ್ನು ಕೆಳಗಿಟ್ಟೆ.

“ನನಗೆ ಗೊತ್ತಿಲ್ಲ ಫಾದರ್” ಎಂದೆ.

ತಾಯಿ ನನ್ನ ಮುಖ ನೋಡಲಿಲ್ಲ. ಅದು ನನ್ನ ಮೇಲಿನ ದಯೆಯಿರಬೇಕು.

“ಹಂಗಾದ್ರ ನಮ್ಮ ಓನರಮ್ಮ ಬಲ್ಲಾರ್ರಿ” ಎಂದರು.

ಉಪಾಧ್ಯಕ್ಷರ ಮನೆಗೆ ನಾವಿಬ್ಬರೂ ನಡೆದೆವು. ಬಾಗಿಲು ತೆರೆದವರು ಅವರ ಹೆಂಡತಿ. ಉಪಾಧ್ಯಕ್ಷರು ಒಳಗೆ ಟಿವಿ ಎದುರು ಕೂತಿದ್ದರು. ನಾನು ವಿಷಯವನ್ನು ಬಾಗಿಲಲ್ಲೇ ಹೇಳಿದೆ, ಒಳಗಿನವರಿಗೂ ಕೇಳುವಷ್ಟು ಗಟ್ಟಿಯಾಗಿ. ಆಕೆಗೆ ಇದ್ಯಾವುದೂ ಗೊತ್ತಿರಲಿಲ್ಲ.

“ಅಯ್ಯೋ, ಆ ಮಗು ಗೊತ್ತಿಲ್ವಾ ನಂಗೆ? ನಮ್ಮನೆ ಬ್ಲೌಸೆಲ್ಲ ಹೊಲಿಯೋಳು ಅವ್ಳೇ. ನಂಗೆ ಡೆಂಗ್ಯೂ ಬಂದಾಗ ಹತ್ತು ದಿನ ಗಂಜಿ ಮಾಡಿ ತಂದ್ಕೊಟ್ಟಿದ್ದು ಇವ್ರು. ಮದ್ವೆ ಆಗಿದ್ರೆ ನಂಗೆ ಗೊತ್ತಾಗ್ತಿರ್ಲಿಲ್ವಾ? ಹಿಂದಿನ ಮೆಟ್ಲೇ ಇಲ್ಲ ಈ ಬಿಲ್ಡಿಂಗಿಗೆ, ಹೋಗೋರು ಬರೋರೆಲ್ಲ ನನ್ನ ಅಡುಗೆಮನೆ ಕಿಟಕಿ ಮುಂದೇನೇ ಹೋಗ್ಬೇಕು.” ಆಮೇಲೆ ಒಳಗೆ ತಿರುಗಿ, “ಏನ್ರೀ, ಇವ್ರ ಪತ್ರಾನ ನೀವೇ ತಡೆದಿದ್ದೀರಂತೆ?” ಎಂದರು.

“ತಡೆದಿಲ್ಲ ಕಣೇ. ರೂಲ್ಸು…”

“ಯಾವ್ ರೂಲ್ಸು? ಎಂಟು ವರ್ಷದಿಂದ ತಲೆ ಮೇಲೆ ಓಡಾಡ್ತಿದ್ದಾರೆ ಈ ಜನ. ಗೊತ್ತಿಲ್ಲ ಅಂತ ಹೇಳಿ ನೋಡೋಣ, ಇವ್ರ ಮುಂದೆ ಹೇಳಿ.”

ಉಪಾಧ್ಯಕ್ಷರು ಟಿವಿಯ ಸದ್ದು ಕಡಿಮೆ ಮಾಡಿದರು. ಆಕೆ ಸೆರಗು ಸರಿಮಾಡಿಕೊಂಡು ಚಪ್ಪಲಿ ಮೆಟ್ಟಿದರು. “ನೀವೂ ಏಳ್ರಿ. ಇಬ್ಬರು ಬೇಕಂತೆ” ಎಂದರು. ನನ್ನ ಜೀವಮಾನದಲ್ಲಿ ನಾನು ಕಂಡ ಅತ್ಯಂತ ಮೌನದ ಮೆರವಣಿಗೆ ಅದು. ಮುಂದೆ ಇಬ್ಬರು ಹೆಂಗಸರು, ಹಿಂದೆ ಉಪಾಧ್ಯಕ್ಷರು, ಕೊನೆಗೆ ನಾನು. ಕಚೇರಿಯಲ್ಲಿ ಆಕೆ ಹಾಳೆಯ ಎರಡೂ ಬದಿ ತುಂಬುವಷ್ಟು ಹೇಳಿ ಬರೆಸಿ ಸಹಿ ಮಾಡಿದರು. ಉಪಾಧ್ಯಕ್ಷರು ಒಂದು ಸಾಲು ಬರೆದರು: ‘ನಮ್ಮ ಕಟ್ಟಡದಲ್ಲಿ ಎಂಟು ವರ್ಷದಿಂದ ವಾಸ. ಬಲ್ಲೆ.’ ಅವರು ಬರೆದುಕೊಡುವುದಿಲ್ಲ ಎಂದಿದ್ದ ಕರಾರು ಪತ್ರ ಅದೇ. ಪಾದ್ರಿಗಳು ಮುದ್ರೆ ಒತ್ತಿದರು. ಶನಿವಾರ ಹುಡುಗಿಯೇ ಮೆಟ್ರೋದಲ್ಲಿ ಅದನ್ನು ಒಯ್ದು ಕೊಟ್ಟಳು. ಮೂರು ಭಾನುವಾರ ಹೆಸರು ಓದಿದರು. ಯಾರಿಗೂ ಆಕ್ಷೇಪವಿರಲಿಲ್ಲ. ಸೋಮವಾರ ಮದುವೆಯಾಯಿತು. ನಾನೂ ಹೋಗಿ ಊಟ ಮಾಡಿ ಬಂದೆ. ಸೋದರತ್ತೆ ಎಲ್ಲರಿಗಿಂತ ಮುಂದೆ ನಿಂತು ಅಕ್ಕಿಕಾಳು ಹಾಕಿದಳು.

ಇಲ್ಲಿಗೆ ಸಮಾಧಾನವಾಗಬೇಕಿತ್ತು. ಆಗಲಿಲ್ಲ. ಹುಡುಗಿಗೆ ಪತ್ರ ಸಿಕ್ಕಿದ್ದು ಧರ್ಮಸಭೆಯ ಕಾನೂನಿನಿಂದಲ್ಲ, ಗ್ರೀಕ್ ಪದದಿಂದಂತೂ ಅಲ್ಲವೇ ಅಲ್ಲ. ಆ ಕಟ್ಟಡಕ್ಕೆ ಒಂದೇ ಮೆಟ್ಟಿಲಿದ್ದದ್ದರಿಂದ. ಹಿಂದೆ ಇನ್ನೊಂದು ಮೆಟ್ಟಿಲಿದ್ದಿದ್ದರೆ? ಈ ಪ್ರಶ್ನೆಗೆ ನನಗೆ ಈಗಲೂ ಮೈ ಉರಿಯುತ್ತದೆ.

ಸ್ಮರಣ ಸಂಚಿಕೆ ಹೊರಬಂತು. ಹೊಳಪು ಕಾಗದ, ನೀಲಿ ಕಮಾನಿನ ಚಿತ್ರ. ನನ್ನ ಲೇಖನದಲ್ಲಿ ಪ್ಯಾರಿಷ್ ಎಂಬುದು ‘ಗ್ರೀಕ್ ಮೂಲದ ಪುರಾತನ ಪದವಾಗಿದ್ದು ವಿಶ್ವಾಸಿಗಳ ಕುಟುಂಬ ಎಂಬರ್ಥ ಕೊಡುತ್ತದೆ’ ಎಂದಿತ್ತು. ಆ ವಾಕ್ಯ ನನ್ನದಲ್ಲ. ಪರೋಯ್ಕೋಸ್ ಇರಲಿಲ್ಲ. ಮಂಡಳಿಯ ಓದದ ಇಬ್ಬರಲ್ಲಿ ಒಬ್ಬರು ಆ ಪ್ಯಾರಾವನ್ನು ಮಾತ್ರ ಓದಿದ್ದರಂತೆ. “ಹಬ್ಬದ ಪುಸ್ತಕ ಸಾರ್, ಬಾಡಿಗೆ ಗೀಡಿಗೆ ಎಲ್ಲ ಯಾಕೆ?” ಎಂದರು. ಉಪಸಮಿತಿ ಈಸ್ಟರ್ ಮುಗಿದು ಎರಡು ತಿಂಗಳಾದರೂ ಸೇರಿಲ್ಲ. ನಾನು ದಾಖಲೆ ಪುಸ್ತಕವನ್ನು ಪಾದ್ರಿಗಳ ಮೇಜಿನ ಮೇಲಿಟ್ಟು, ಏಳನೆಯ ಕಲಮು ಇರುವವರೆಗೆ ಇದನ್ನು ಮುಟ್ಟುವುದಿಲ್ಲ ಎಂದೆ. ಅವರು “ನೋಡೋಣ” ಎಂದರು.

ಈಗ ಭಾನುವಾರ ನಾನು ಹಿಂದುಗಡೆ ನಿಲ್ಲುತ್ತೇನೆ. ಮಂಡಿ ನೋಯುತ್ತದೆ, ಆದರೂ ನಿಲ್ಲುತ್ತೇನೆ. ಜೇಬಿನಲ್ಲಿ ಒಂದು ಸಣ್ಣ ನೋಟ್‌ಬುಕ್ಕು. ಪೂಜೆ ಮುಗಿದ ಮೇಲೆ ಒಬ್ಬೊಬ್ಬರನ್ನೇ ಮಾತಾಡಿಸಿ, ಊರು ಯಾವುದು, ಮನೆಯಲ್ಲಿ ಯಾರ್ಯಾರು ಎಂದು ಕೇಳಿ ಬರೆದುಕೊಳ್ಳುತ್ತೇನೆ. ಇನ್ನೊಬ್ಬ ಹುಡುಗಿಗೆ ಪತ್ರ ಬೇಕಾದಾಗ ನನ್ನ ಕೈ ಪೆನ್ನು ಕೆಳಗಿಡಬಾರದು, ಅಷ್ಟೇ ಉದ್ದೇಶ. ಕೆಲಸ ಬಹಳ ನಿಧಾನ. ನನಗೆ ಮಾತಾಡಿಸಲು ಬರುವುದಿಲ್ಲ, ದನಿಯಲ್ಲಿ ಗುಮಾಸ್ತ ಇನ್ನೂ ಇದ್ದಾನೆ. ಹೋದ ವಾರ ಕಂಬದ ಪಕ್ಕ ಒಬ್ಬ ನಿಂತಿದ್ದ, ಸಿಮೆಂಟಿನ ಕೆಲಸದವನು, ಮೂವತ್ತರ ಆಸುಪಾಸು. ಹತ್ತಿರ ಹೋಗಿ, “ನಿಮ್ಮ ಹೆಸರೇನಪ್ಪ?” ಎಂದೆ.

ಅವನು ಹೆಸರು ಹೇಳಲಿಲ್ಲ. ಗಾಬರಿಯಿಂದ ಅಂಗಿಯ ಒಳಜೇಬಿಗೆ ಕೈ ಹಾಕಿ, ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿದ್ದ ಆಧಾರ್ ಕಾರ್ಡು ತೆಗೆದು ನನ್ನ ಮುಂದೆ ಹಿಡಿದ.

“ಊರಾಗಿನ ಅಡ್ರೆಸ್ ಅದ್ರಿ ಇದ್ರಾಗ. ಇಲ್ಲೀದು ಮಾಡಿಸಿಲ್ರಿ” ಎಂದ.

ಒಳಗಿಡಪ್ಪ, ಬೇಡ ಎಂದೆ. ಅವನು ನಂಬದೆ, ಅದನ್ನು ಹಾಗೇ ಹಿಡಿದುಕೊಂಡು ನಿಂತಿದ್ದ.